ಆಮ್‌ಸ್ಟರ್‌ಡ್ಯಾಮ್ ಮ್ಯೂಸಿಯಂಗಳು: ಟಿಕೆಟ್ ಕೈತಪ್ಪದಂತೆ, ಕಾಲು ಸೋಲದಂತೆ ನೋಡುವ ಕ್ರಮ

ಆಮ್‌ಸ್ಟರ್‌ಡ್ಯಾಮ್‌ವರೆಗೆ ಹೋಗಿ ಆನ್ ಫ್ರಾಂಕ್ ಮನೆಯನ್ನು (ನಾತ್ಸಿಗಳಿಗೆ ಹೆದರಿ ಅಡಗಿದ್ದ ಯಹೂದಿ ಹುಡುಗಿ ದಿನಚರಿ ಬರೆದ ಮನೆ) ಹೊರಗಿನಿಂದಲೇ ನೋಡಿ ಬಂದವರು ಬಹಳ ಜನ. ವ್ಯಾನ್ ಗೋ ಮ್ಯೂಸಿಯಂನ ಗಾಜಿನ ಬಾಗಿಲ ಮುಂದೆ ನಿಂತು ‘ಟಿಕೆಟ್ ಕೌಂಟರ್ ಎಲ್ಲಿದೆ?’ ಎಂದು ಕೇಳುವವರೂ ಕಡಿಮೆಯಿಲ್ಲ. ಈ ಎರಡೂ ಕಡೆ ಟಿಕೆಟ್ ಮಾರಾಟ ಆನ್‌ಲೈನ್‌ನಲ್ಲಿ ಮಾತ್ರ, ಅದೂ ಗಂಟೆ ನಿಮಿಷ ಗೊತ್ತುಮಾಡಿಕೊಂಡು.

ಎಡವಟ್ಟಾಗುವುದು ಅಲ್ಲಿಗೆ ಹೋದ ಮೇಲಲ್ಲ, ಹೊರಡುವುದಕ್ಕೆ ಎರಡು ತಿಂಗಳು ಮೊದಲು. ನಮ್ಮವರು ಸಾಮಾನ್ಯವಾಗಿ ಮೊದಲು ವಿಮಾನ, ಆಮೇಲೆ ಹೋಟೆಲ್, ಆಮೇಲೆ ಒಂದು ಸಿಟಿ ಪಾಸ್ ಕೊಂಡು, ಮ್ಯೂಸಿಯಂ ಟಿಕೆಟನ್ನು ಕೊನೆಯ ವಾರಕ್ಕೆ ಬಿಡುತ್ತಾರೆ. ಈ ಕ್ರಮವನ್ನು ತಲೆಕೆಳಗು ಮಾಡಬೇಕು. ಎಲ್ಲಕ್ಕಿಂತ ಕಷ್ಟಪಟ್ಟು ಸಿಗುವ ಟಿಕೆಟ್ ಯಾವುದೋ ಅದರಿಂದ ಶುರುಮಾಡಿ ಉಳಿದದ್ದನ್ನು ಅದರ ಸುತ್ತ ಹೊಂದಿಸಬೇಕು. ಕೆಳಗಿನ ಹಂತಗಳು ಆ ಕ್ರಮದಲ್ಲೇ ಇವೆ.

## ಮೊದಲು ಕೈಯಲ್ಲಿರಬೇಕಾದವು

ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿನ ಒಂದು ಕಾರ್ಡ್ ಬೇಕು. ಭಾರತದಲ್ಲಿ ಹೊಸ ಕಾರ್ಡ್‌ಗಳು ಅಂತರರಾಷ್ಟ್ರೀಯ ವಹಿವಾಟು ಮುಚ್ಚಿದ ಸ್ಥಿತಿಯಲ್ಲೇ ಬರುತ್ತವೆ. ಬ್ಯಾಂಕಿನ ಆ್ಯಪ್‌ನಲ್ಲಿ ಮೂರು ಗುಂಡಿಗಳನ್ನು ನೋಡಿಕೊಳ್ಳಿ: ವಿದೇಶಿ ಆನ್‌ಲೈನ್ ಪಾವತಿ, ವಿದೇಶದಲ್ಲಿ ಯಂತ್ರದ ಪಾವತಿ, ವಿದೇಶದಲ್ಲಿ ಕಾಂಟ್ಯಾಕ್ಟ್‌ಲೆಸ್. ಮೊದಲನೆಯದು ಟಿಕೆಟ್ ಕೊಳ್ಳಲು, ಎರಡನೆಯದು ಅಂಗಡಿ ಹೋಟೆಲಿಗೆ, ಮೂರನೆಯದು ಟ್ರಾಮ್ ಹತ್ತಲು. ಒಂದನ್ನು ಆನ್ ಮಾಡಿದರೆ ಉಳಿದೆರಡು ತಾವಾಗಿಯೇ ಆನ್ ಆಗುವುದಿಲ್ಲ. ದಿನದ ಮಿತಿಯನ್ನೂ ಏರಿಸಿಡಿ. ನಾಲ್ಕು ಜನರ ಟಿಕೆಟ್ ಒಟ್ಟಿಗೆ ಕೊಳ್ಳುವಾಗ ಮಿತಿ ದಾಟಿ ಪಾವತಿ ತಿರಸ್ಕೃತವಾಗುವುದು ಬಹಳ ಸಾಮಾನ್ಯ.

ಡಚ್ ಜಾಲತಾಣಗಳಲ್ಲಿ ಪಾವತಿಯ ಪುಟ ತೆರೆದಾಗ ‘ಐಡೀಲ್’ ಎಂಬ ಆಯ್ಕೆ ಕಾಣುತ್ತದೆ. ಅದು ಅಲ್ಲಿನ ಬ್ಯಾಂಕ್ ಖಾತೆ ಇದ್ದವರಿಗೆ ಮಾತ್ರ. ನೀವು ಕ್ರೆಡಿಟ್ ಕಾರ್ಡ್ ಎಂಬುದನ್ನು ಆರಿಸಿ.

ಜೊತೆಗೆ ಪ್ರತಿಯೊಬ್ಬರಿಗೂ ಒಂದು ಚಿಕ್ಕ ಹೆಗಲಚೀಲ ಬೇಕು, ಎ4 ಹಾಳೆಗಿಂತ ದೊಡ್ಡದಲ್ಲದ್ದು. ಇದು ಯಾಕೆ ಎಂಬುದು ಆರನೇ ಹಂತದಲ್ಲಿ ಬರುತ್ತದೆ.

## ಹಂತ 1: ಮಂಗಳವಾರವನ್ನು ಲೆಕ್ಕಹಾಕಿ

ಆನ್ ಫ್ರಾಂಕ್ ಮನೆಯ ಟಿಕೆಟ್‌ಗಳು ಪ್ರತಿ ಮಂಗಳವಾರ ಅಲ್ಲಿನ ಬೆಳಿಗ್ಗೆ 10 ಗಂಟೆಗೆ, ಆರು ವಾರಗಳ ನಂತರದ ಭೇಟಿಗಾಗಿ ಬಿಡುಗಡೆಯಾಗುತ್ತವೆ. ನಿಮ್ಮ ಭೇಟಿಯ ದಿನದಿಂದ 42 ದಿನ ಹಿಂದಕ್ಕೆ ಎಣಿಸಿ, ಆ ವಾರದ ಮಂಗಳವಾರವನ್ನು ಗುರುತುಮಾಡಿಕೊಳ್ಳಿ. ಉದಾಹರಣೆಗೆ, 2026ರ ಮೇ 21ರ ಗುರುವಾರ ನೋಡಬೇಕೆಂದಿದ್ದರೆ ಹಿಂದಕ್ಕೆ ಎಣಿಸಿದಾಗ ಏಪ್ರಿಲ್ 9 ಬರುತ್ತದೆ. ಆ ವಾರದ ಮಂಗಳವಾರ ಏಪ್ರಿಲ್ 7. ಮನೆಯ ಅಧಿಕೃತ ಜಾಲತಾಣದಲ್ಲಿ ಯಾವ ಮಂಗಳವಾರ ಯಾವ ದಿನಾಂಕಗಳು ತೆರೆಯುತ್ತವೆ ಎಂಬುದನ್ನು ಒಂದು ವಾರ ಮೊದಲೇ ಹೊಂದಿಸಿ ನೋಡಿ.

ಈಗ ಗಡಿಯಾರ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅಲ್ಲಿನ 10 ಗಂಟೆ ಎಂದರೆ ನಮ್ಮ ಮಧ್ಯಾಹ್ನ 1:30. ಉಳಿದ ತಿಂಗಳುಗಳಲ್ಲಿ 2:30. ಚಳಿಗಾಲದ ಲೆಕ್ಕವನ್ನು ಬೇಸಿಗೆಗೆ ಹಾಕಿಕೊಂಡು 2:30ಕ್ಕೆ ಕೂತವರಿಗೆ ಒಂದು ಗಂಟೆ ತಡವಾಗಿರುತ್ತದೆ. ಅಷ್ಟರಲ್ಲಿ ಒಳ್ಳೆಯ ಸಮಯಗಳೆಲ್ಲ ಹೋಗಿರುತ್ತವೆ.

‘ವೀಸಾ ಬರಲಿ, ಆಮೇಲೆ ಟಿಕೆಟ್’ ಎಂದು ಕಾಯುವುದು ಇಲ್ಲಿ ಸಲ್ಲದು. ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹಿಡಿಯುತ್ತದೆ. ಅರ್ಜಿಯನ್ನು ಬೇಗ ಹಾಕಿ. ಆದರೂ ಆ ಮಂಗಳವಾರಕ್ಕೆ ವೀಸಾ ಕೈಸೇರದಿದ್ದರೆ ಟಿಕೆಟ್ ಕೊಂಡುಬಿಡಿ. ದೊಡ್ಡವರಿಗೆ ಸುಮಾರು 16 ಯುರೋ. ದುಡ್ಡು ವಾಪಸ್ ಬರುವುದಿಲ್ಲ ನಿಜ, ಆದರೆ ಅಪಾಯ ತಲೆಗೆ ಎರಡು ಸಾವಿರ ರೂಪಾಯಿಯೊಳಗೇ ಉಳಿಯುತ್ತದೆ. ಕಾದರೆ ಟಿಕೆಟ್ಟೇ ಇರುವುದಿಲ್ಲ.

## ಹಂತ 2: ಆ ಮಂಗಳವಾರ ಮಾಡಬೇಕಾದದ್ದು

1. 15 ನಿಮಿಷ ಮೊದಲು ಲ್ಯಾಪ್‌ಟಾಪ್‌ನಲ್ಲಿ ಅಧಿಕೃತ ಪುಟ ತೆರೆಯಿರಿ. ಒಟಿಪಿ ಬರುವ ಮೊಬೈಲ್ ಪಕ್ಕದಲ್ಲೇ ಇರಲಿ, ಅದರಲ್ಲಿ ಸಿಗ್ನಲ್ ಇದೆಯೇ ನೋಡಿ. ಕಾರ್ಡ್ ಒಬ್ಬರದು, ಒಟಿಪಿ ಬರುವ ಫೋನ್ ಕಚೇರಿಗೆ ಹೋದ ಇನ್ನೊಬ್ಬರ ಕೈಯಲ್ಲಿ ಎಂಬಂತಾದರೆ ಟಿಕೆಟ್ ಆಯ್ಕೆಯಾದ ಮೇಲೂ ಕೈತಪ್ಪುತ್ತದೆ.

2. ಎರಡು ದಿನಾಂಕ ಮತ್ತು ಪ್ರತಿ ದಿನಕ್ಕೂ ಎರಡು ಸಮಯವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಪರದೆಯ ಮುಂದೆ ಕೂತು ಮನೆಯವರೊಡನೆ ಚರ್ಚೆ ಶುರುಮಾಡಬೇಡಿ.

3. ಆನ್‌ಲೈನ್ ಸಾಲಿನ ಪುಟ ಬಂದರೆ ಅದನ್ನು ರಿಫ್ರೆಶ್ ಮಾಡಬೇಡಿ. ಪುಟ ನಿಂತುಹೋದಂತೆ ಕಂಡು ಮತ್ತೆ ತೆರೆದವರು ಸಾಲಿನ ಕೊನೆಗೆ ಹೋಗುತ್ತಾರೆ.

4. ಮಕ್ಕಳಿಗೂ ಟಿಕೆಟ್ ಸೇರಿಸಿ. ಹತ್ತು ವರ್ಷದೊಳಗಿನವರಿಗೆ ದರ ತೀರಾ ಕಡಿಮೆ, ಆದರೆ ಟಿಕೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ. ದೊಡ್ಡವರಿಗೆ ಮಾತ್ರ ಕೊಂಡು ಆಮೇಲೆ ಮಗುವಿಗೆ ಹುಡುಕಿದರೆ ಅದೇ ಸಮಯದ್ದು ಸಿಗುವ ಸಾಧ್ಯತೆ ಬಹಳ ಕಡಿಮೆ.

5. ಕ್ಯೂಆರ್ ಸಂಕೇತ ಇರುವ ಕಡತ ಇಮೇಲ್‌ಗೆ ಬಂದ ಕೂಡಲೇ ಇಬ್ಬರ ಫೋನಿನಲ್ಲಿ ಇಳಿಸಿಡಿ.

ಒಂದು ಎಚ್ಚರಿಕೆ. ಇಂಟರ್ನೆಟ್‌ನಲ್ಲಿ ‘ಆನ್ ಫ್ರಾಂಕ್ ಟೂರ್’ ಎಂಬ ಹೆಸರಿನ, ಮೂವತ್ತು ನಲವತ್ತು ಯುರೋಗಳ ಟಿಕೆಟ್‌ಗಳು ಎಷ್ಟೋ ಇವೆ. ಅವುಗಳಲ್ಲಿ ಹೆಚ್ಚಿನವು ಹಳೆಯ ಯಹೂದಿ ಬಡಾವಣೆಯಲ್ಲಿ ಮಾರ್ಗದರ್ಶಿಯೊಡನೆ ನಡೆಯುವ ಸುತ್ತಾಟ. ಕೊನೆಗೆ ಮನೆಯ ಎದುರು ತಂದು ನಿಲ್ಲಿಸುತ್ತಾರೆ, ಒಳಗೆ ಪ್ರವೇಶವಿಲ್ಲ. ವಿವರದಲ್ಲಿ ಸಣ್ಣ ಅಕ್ಷರದಲ್ಲಿ ‘ಪ್ರವೇಶ ಸೇರಿಲ್ಲ’ ಎಂದಿರುತ್ತದೆ. ಮನೆಯೊಳಗಿನ ಟಿಕೆಟ್ ಮಾರುವುದು ಆ ಮನೆಯ ಅಧಿಕೃತ ಜಾಲತಾಣ ಒಂದೇ.

## ಹಂತ 3: ವ್ಯಾನ್ ಗೋ, ಆಮೇಲೆ ರೈಕ್ಸ್‌ಮ್ಯೂಸಿಯಂ

ಆನ್ ಫ್ರಾಂಕ್ ಸಮಯ ಸಿಕ್ಕ ದಿನವೇ ವ್ಯಾನ್ ಗೋ ಮ್ಯೂಸಿಯಂ ಟಿಕೆಟ್ ಕೊಳ್ಳಿ. ಬೇಸಿಗೆಯಲ್ಲಿ, ಟ್ಯೂಲಿಪ್ ಕಾಲದಲ್ಲಿ (ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ) ಇದು ದಿನಗಳ ಮೊದಲೇ ಮುಗಿಯುತ್ತದೆ. ದೇಶದ ರಾಷ್ಟ್ರೀಯ ಮ್ಯೂಸಿಯಂ ಆದ ರೈಕ್ಸ್‌ಮ್ಯೂಸಿಯಂ ವಿಶಾಲವಾದದ್ದು, ಹಾಗಾಗಿ ಸ್ವಲ್ಪ ಸಡಿಲ. ಆದರೂ ಬೆಳಿಗ್ಗೆ 9 ಗಂಟೆಯ ಸಮಯ ಬೇಕೆಂದರೆ ಅದನ್ನೂ ಬೇಗ ಹಿಡಿಯಿರಿ. 2025ರಲ್ಲಿ ಎರಡಕ್ಕೂ ದೊಡ್ಡವರ ದರ ಸುಮಾರು 25 ಯುರೋ. 18ರೊಳಗಿನವರಿಗೆ ಎರಡೂ ಉಚಿತ, ಆದರೆ ಸೊನ್ನೆ ಯುರೋ ಟಿಕೆಟನ್ನೂ ಅದೇ ಸಮಯಕ್ಕೆ ಸೇರಿಸಲೇಬೇಕು. ಹದಿಹರೆಯದ ಮಕ್ಕಳ ವಯಸ್ಸು ಕೇಳಿದರೆ ತೋರಿಸಲು ಪಾಸ್‌ಪೋರ್ಟ್‌ನ ಫೋಟೊ ಫೋನಿನಲ್ಲಿರಲಿ.

ಎರಡನ್ನೂ ಒಂದೇ ದಿನಕ್ಕೆ ಹಾಕಬೇಡಿ. ಎರಡೂ ಮ್ಯೂಸಿಯಂಪ್ಲೇನ್ ಎಂಬ ಒಂದೇ ಬಯಲಿನ ಅಂಚಿನಲ್ಲಿವೆ, ನಡುವೆ ಐದು ನಿಮಿಷದ ನಡಿಗೆ. ಅದನ್ನು ನೋಡಿ ಆಸೆ ಹುಟ್ಟುತ್ತದೆ. ಆದರೆ ಮೂರು ಗಂಟೆ ಚಿತ್ರ ನೋಡಿದ ಕಣ್ಣಿಗೆ ನಾಲ್ಕನೇ ಗಂಟೆಯಲ್ಲಿ ಏನೂ ಇಳಿಯುವುದಿಲ್ಲ. ಎದುರು ವ್ಯಾನ್ ಗೋನ ‘ಬಾದಾಮಿ ಹೂಗಳು’ ಚಿತ್ರವೇ ಇದ್ದರೂ ಕಣ್ಣು ಕೂರಲು ಬೆಂಚು ಹುಡುಕುತ್ತಿರುತ್ತದೆ. ದಿನಕ್ಕೊಂದು ದೊಡ್ಡ ಮ್ಯೂಸಿಯಂ, ಅದರ ಮೇಲೊಂದು ಚಿಕ್ಕದು ಅಥವಾ ದೋಣಿ: ಇಷ್ಟೇ ಹಿಡಿಸುತ್ತದೆ.

ಯಾವ ಚಿತ್ರ ಎಲ್ಲಿದೆ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ತಿಳಿದಿರಿ. ವ್ಯಾನ್ ಗೋನ ‘ನಕ್ಷತ್ರಗಳ ರಾತ್ರಿ’ ಈ ಊರಿನಲ್ಲಿಲ್ಲ, ನ್ಯೂಯಾರ್ಕ್‌ನ ಮೋಮಾ ಮ್ಯೂಸಿಯಂನಲ್ಲಿದೆ. ವರ್ಮೀರ್‌ನ ‘ಮುತ್ತಿನೋಲೆಯ ಹುಡುಗಿ’ ಹೇಗ್ ನಗರದ ಮೌರಿಟ್ಸ್‌ಹೌಸ್‌ನಲ್ಲಿದೆ. ಅದಕ್ಕೆ ರೈಲಿನಲ್ಲಿ ಒಂದು ಗಂಟೆಯ ಪ್ರಯಾಣ, ಬೇರೆ ದಿನ. ಈ ಎರಡು ಚಿತ್ರಗಳನ್ನು ಹುಡುಕಿಕೊಂಡು ಮಹಡಿಯಿಂದ ಮಹಡಿಗೆ ಅಲೆಯುವವರು ದಿನವೂ ಸಿಗುತ್ತಾರೆ.

## ಹಂತ 4: ಪಾಸ್ ಬೇಕೋ ಬೇಡವೋ

ಪಾಸ್ ಕೊಳ್ಳುವುದು ಎಲ್ಲ ಸಮಯ ಗೊತ್ತಾದ ಮೇಲೆ, ಅದಕ್ಕೆ ಮೊದಲಲ್ಲ.

‘ಐ ಆಮ್‌ಸ್ಟರ್‌ಡ್ಯಾಮ್ ಸಿಟಿ ಕಾರ್ಡ್’ನಲ್ಲಿ ನಗರದ ಟ್ರಾಮ್, ಬಸ್, ಮೆಟ್ರೊ, ಒಂದು ಕಾಲುವೆ ದೋಣಿಯಾನ, ರೈಕ್ಸ್‌ಮ್ಯೂಸಿಯಂ ಸೇರಿ ಹತ್ತಾರು ಮ್ಯೂಸಿಯಂಗಳಿವೆ. ವ್ಯಾನ್ ಗೋ ಮತ್ತು ಆನ್ ಫ್ರಾಂಕ್ ಇಲ್ಲ. ನೀವು ಹೋಗುವುದೇ ಆ ಎರಡಕ್ಕೆಂದರೆ ಈ ಕಾರ್ಡ್ ನಿಮಗಲ್ಲ. ರೈಕ್ಸ್‌ಮ್ಯೂಸಿಯಂಗೆ ಕಾರ್ಡ್ ಇದ್ದರೂ ಸಮಯವನ್ನು ಪ್ರತ್ಯೇಕವಾಗಿ ಕಾಯ್ದಿರಿಸಬೇಕು. ವಿಮಾನ ನಿಲ್ದಾಣದ ರೈಲೂ ಇದರಲ್ಲಿ ಸೇರಿಲ್ಲ. ಇದರ ಅವಧಿ ದಿನದ ಲೆಕ್ಕವಲ್ಲ, ಗಂಟೆಯ ಲೆಕ್ಕ. ಸಂಜೆ 4ಕ್ಕೆ ಮೊದಲ ಮ್ಯೂಸಿಯಂನಲ್ಲಿ ತೋರಿಸಿದರೆ 5ಕ್ಕೆ ಎಲ್ಲ ಮುಚ್ಚಲು ಶುರುವಾಗುತ್ತದೆ. ಆ ರಾತ್ರಿಯ ಗಂಟೆಗಳೂ ನಿಮ್ಮ ಖಾತೆಯಲ್ಲೇ ಕಳೆಯುತ್ತವೆ. ಬೆಳಿಗ್ಗೆಯೇ ಶುರುಮಾಡಿ.

ಇನ್ನೊಂದು ‘ಮ್ಯೂಸಿಯಂಕಾರ್ಟ್’. ನೆದರ್ಲೆಂಡ್ಸ್‌ನಲ್ಲಿ ವಿಳಾಸ ಇದ್ದವರಿಗೆ ವರ್ಷವಿಡೀ ನಡೆಯುತ್ತದೆ. ಹೊರಗಿನವರಿಗೆ ಸಿಗುವುದು ತಾತ್ಕಾಲಿಕ ಕಾರ್ಡ್: 31 ದಿನ, ಐದು ಮ್ಯೂಸಿಯಂ ಭೇಟಿ, ಸುಮಾರು 75 ಯುರೋ. ಆಮ್‌ಸ್ಟರ್‌ಡ್ಯಾಮ್ ಜೊತೆಗೆ ಹೇಗ್, ಹಾರ್ಲೆಮ್ ಕೂಡ ನೋಡುವವರಿಗೆ, ನಾಲ್ಕು ದೊಡ್ಡ ಮ್ಯೂಸಿಯಂ ದಾಟಿದರೆ ಲಾಭ. ಆಮ್‌ಸ್ಟಲ್ವೇನ್‌ನಲ್ಲೋ ಐಂಡ್‌ಹೋವನ್‌ನಲ್ಲೋ ಇರುವ ಮಗಳು ಅಳಿಯನ ಕಾರ್ಡನ್ನು ಊರಿಂದ ಬಂದ ಅಪ್ಪ ಅಮ್ಮ ಬಳಸುವಂತಿಲ್ಲ, ಅದು ವೈಯಕ್ತಿಕ ಕಾರ್ಡ್. ಕಾರ್ಡ್ ಇದ್ದರೂ ವ್ಯಾನ್ ಗೋ, ಆನ್ ಫ್ರಾಂಕ್‌ಗೆ ಸಮಯ ಕಾಯ್ದಿರಿಸುವುದು ತಪ್ಪಿದ್ದಲ್ಲ.

ಮೂರು ದಿನ, ಮೂರು ದೊಡ್ಡ ಜಾಗ ಎನ್ನುವವರಿಗೆ ಯಾವ ಪಾಸೂ ಬೇಡ. ಬಿಡಿ ಟಿಕೆಟ್ಟೇ ಅಗ್ಗ, ನಿಶ್ಚಿಂತೆ ಕೂಡ.

## ಹಂತ 5: ಟ್ರಾಮ್ ಮತ್ತು ನಡಿಗೆ

ಸ್ಕಿಪೋಲ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣವಿದೆ. ಸೆಂಟ್ರಲ್ ನಿಲ್ದಾಣಕ್ಕೆ ಸುಮಾರು ಕಾಲು ಗಂಟೆ. ಹೋಟೆಲ್ ಮ್ಯೂಸಿಯಂಪ್ಲೇನ್ ಬಳಿ ಇದ್ದರೆ ರೈಲಿಗಿಂತ 397ನೇ ಬಸ್ ನೇರ. ಸೆಂಟ್ರಲ್‌ನಿಂದ ಮ್ಯೂಸಿಯಂಪ್ಲೇನ್‌ಗೆ ಟ್ರಾಮ್ 2 ಅಥವಾ 12. ಆನ್ ಫ್ರಾಂಕ್ ಮನೆಗೆ ಟ್ರಾಮ್ 13 ಅಥವಾ 17 ಹತ್ತಿ ವೆಸ್ಟರ್‌ಮಾರ್ಕ್ಟ್‌ನಲ್ಲಿ ಇಳಿಯಬೇಕು. ಆಮ್‌ಸ್ಟಲ್ವೇನ್‌ನಲ್ಲಿ ಮಕ್ಕಳ ಮನೆಯಲ್ಲಿ ಉಳಿದಿರುವವರಿಗೆ 5ನೇ ಟ್ರಾಮ್ ಮ್ಯೂಸಿಯಂಪ್ಲೇನ್‌ಗೆ ತಂದುಬಿಡುತ್ತದೆ. ರಸ್ತೆ ಕಾಮಗಾರಿಯಿಂದ ಮಾರ್ಗಗಳು ಬದಲಾಗುವುದುಂಟು, ಹೊರಡುವ ಬೆಳಿಗ್ಗೆ ಫೋನಿನಲ್ಲಿ ಒಮ್ಮೆ ನೋಡಿ.

ಟ್ರಾಮ್‌ನಲ್ಲಿ ನಗದು ನಡೆಯುವುದಿಲ್ಲ. ಹತ್ತುವಾಗ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿ, ಇಳಿಯುವಾಗ ಮತ್ತೆ ಮುಟ್ಟಿಸಿ. ಇಲ್ಲಿ ಮೂರು ತಪ್ಪು ಪದೇ ಪದೇ ಆಗುತ್ತವೆ. ಒಂದೇ ಕಾರ್ಡಿನಲ್ಲಿ ಇಬ್ಬರಿಗೆ ಮುಟ್ಟಿಸುವುದು: ಎರಡನೇ ಸಲ ಮುಟ್ಟಿಸಿದರೆ ಯಂತ್ರ ಅದನ್ನು ‘ಇಳಿದರು’ ಎಂದು ತಿಳಿಯುತ್ತದೆ, ಹಾಗಾಗಿ ತಲೆಗೊಂದು ಕಾರ್ಡ್ ಬೇಕು. ಹತ್ತುವಾಗ ಪ್ಲಾಸ್ಟಿಕ್ ಕಾರ್ಡ್, ಇಳಿಯುವಾಗ ಫೋನಿನಲ್ಲಿರುವ ಅದೇ ಕಾರ್ಡ್ ಬಳಸುವುದು: ಯಂತ್ರಕ್ಕೆ ಇವೆರಡೂ ಬೇರೆ ಬೇರೆ. ಇಳಿಯುವಾಗ ಮುಟ್ಟಿಸಲು ಮರೆಯುವುದು: ಪ್ರಯಾಣಕ್ಕಿಂತ ಹೆಚ್ಚಿನ ಮೊತ್ತ ಕಡಿತವಾಗುತ್ತದೆ. ಬ್ಯಾಂಕ್ ಸಂದೇಶದಲ್ಲಿ ‘ಎನ್‌ಎಲ್‌ಒವಿ’ ಎಂದು ಬಂದರೆ ಗಾಬರಿ ಬೇಡ, ಅದು ಈ ಟ್ರಾಮ್ ರೈಲುಗಳ ಹಣವೇ. ಕಾರ್ಡ್ ಇಲ್ಲದ ಮಕ್ಕಳಿಗೆ, ಹಿರಿಯರಿಗೆ ದಿನದ ಟಿಕೆಟ್ ಕೊಳ್ಳಿ.

ನಡೆಯುವವರಿಗೆ ಊರಿನ ನಕ್ಷೆ ಸುಲಭ. ಒಳಗಿನಿಂದ ಹೊರಕ್ಕೆ ಹೇರನ್‌ಗ್ರಾಹ್ಟ್, ಕೈಜರ್ಸ್‌ಗ್ರಾಹ್ಟ್, ಪ್ರಿನ್ಸೆನ್‌ಗ್ರಾಹ್ಟ್ ಎಂದು ಮೂರು ದೊಡ್ಡ ಕಾಲುವೆಗಳು ಒಂದರ ಬೆನ್ನಿಗೊಂದು ಬಾಗಿ ಹೋಗುತ್ತವೆ. ಮನೆ ಸಂಖ್ಯೆಗಳು ವಾಯವ್ಯದ ತುದಿಯಲ್ಲಿ 1ರಿಂದ ಶುರುವಾಗಿ ಆಮ್‌ಸ್ಟಲ್ ನದಿಯ ಕಡೆಗೆ ಏರುತ್ತವೆ. ದಾರಿ ತಪ್ಪಿದಾಗ ಕಾಲುವೆಯ ಹೆಸರು ಮತ್ತು ಒಂದು ಬಾಗಿಲ ಸಂಖ್ಯೆ ಓದಿದರೆ ಎಲ್ಲಿದ್ದೀರಿ ಎಂಬುದು ತಿಳಿಯುತ್ತದೆ.

ಕೆಂಪು ಬಣ್ಣದ ಡಾಂಬರು ಇರುವುದು ಸೈಕಲ್ ದಾರಿ. ಫೋಟೊ ತೆಗೆಯಲೆಂದು ಅದರ ಮೇಲೆ ಹಿಂದಕ್ಕೆ ಹೆಜ್ಜೆಯಿಟ್ಟರೆ ಪೆಟ್ಟು ಖಂಡಿತ. ಅಲ್ಲಿ ಸೈಕಲ್‌ಗಳು ನಿಧಾನಿಸುವುದಿಲ್ಲ. ರೈಕ್ಸ್‌ಮ್ಯೂಸಿಯಂ ಕಟ್ಟಡದ ಹೊಟ್ಟೆಯೊಳಗೇ ಒಂದು ಸೈಕಲ್ ದಾರಿ ಹಾದುಹೋಗುತ್ತದೆ, ಮ್ಯೂಸಿಯಂನ ಬಾಗಿಲೂ ಅದೇ ಕಮಾನಿನ ಕೆಳಗಿದೆ. ಎರಡೂ ಕಡೆ ನೋಡಿ ದಾಟಿ, ಮಕ್ಕಳ ಕೈ ಬಿಡಬೇಡಿ.

ಏಪ್ರಿಲ್ 27 ರಾಜನ ದಿನ (ಅದು ಭಾನುವಾರವಾದರೆ 26). ಊರಿನ ನಡುಭಾಗದಲ್ಲಿ ಟ್ರಾಮ್ ಓಡುವುದಿಲ್ಲ, ಬೀದಿ ಜನರಿಂದ ತುಂಬಿರುತ್ತದೆ. ಆ ದಿನಕ್ಕೆ ಯಾವ ಮ್ಯೂಸಿಯಂ ಸಮಯವನ್ನೂ ಹಾಕಿಕೊಳ್ಳಬೇಡಿ.

## ಹಂತ 6: ಚೀಲ, ಊಟ, ಬಾಗಿಲು

ನಮ್ಮ ಕುಟುಂಬಗಳು ಸಿಕ್ಕಿಬೀಳುವುದು ಇಲ್ಲಿ. ಬೆನ್ನಿಗೆ ದೊಡ್ಡ ಚೀಲ, ಅದರಲ್ಲಿ ಚಪಾತಿ, ಚಟ್ನಿಪುಡಿ ಡಬ್ಬಿ, ಎಲ್ಲರ ಸ್ವೆಟರ್, ಎರಡು ಲೀಟರ್ ನೀರು. ಆನ್ ಫ್ರಾಂಕ್ ಮನೆಯೊಳಗೆ ಎ4 ಅಳತೆಗಿಂತ ದೊಡ್ಡ ಚೀಲ ಬಿಡುವುದಿಲ್ಲ. ಅಲ್ಲಿ ಸೂಟ್‌ಕೇಸ್ ಇಡಲು ಜಾಗವೂ ಇಲ್ಲ. ವ್ಯಾನ್ ಗೋ, ರೈಕ್ಸ್‌ಗಳಲ್ಲಿ ಸಾಮಾನು ಕೋಣೆ ಇದೆ, ಕೋಟು ಮತ್ತು ಸಾಮಾನ್ಯ ಚೀಲಕ್ಕೆ ಸಾಕು, ಪ್ರಯಾಣದ ಪೆಟ್ಟಿಗೆಗಲ್ಲ. ಹೋಟೆಲ್ ಬಿಟ್ಟು ವಿಮಾನಕ್ಕೆ ಹೋಗುವ ದಿನ ಮ್ಯೂಸಿಯಂ ನೋಡುವುದಾದರೆ ಪೆಟ್ಟಿಗೆಗಳನ್ನು ಸೆಂಟ್ರಲ್ ನಿಲ್ದಾಣದ ಲಾಕರ್‌ನಲ್ಲಿಟ್ಟು ಬನ್ನಿ.

ಗ್ಯಾಲರಿಯೊಳಗೆ ತಿನ್ನುವಂತಿಲ್ಲ. ತಂದ ಚಪಾತಿಗೆ ಮ್ಯೂಸಿಯಂಪ್ಲೇನ್‌ನ ಹುಲ್ಲುಹಾಸು ಅಥವಾ ರೈಕ್ಸ್‌ಮ್ಯೂಸಿಯಂನ ತೋಟ ಒಳ್ಳೆಯ ಜಾಗ. ತೋಟಕ್ಕೆ ಟಿಕೆಟ್ ಬೇಕಿಲ್ಲ. ಹೊರಗೆ ಬಂದರೆ ಮತ್ತೆ ಒಳಗೆ ಹೋಗಲಾಗುವುದಿಲ್ಲ ಎಂದುಕೊಂಡೇ ಯೋಜನೆ ಹಾಕಿ: ಊಟ ಮುಗಿಸಿ ಒಳಗೆ ಹೋಗಿ, ಇಲ್ಲವೇ ಎಲ್ಲ ನೋಡಿ ಮುಗಿಸಿ ಉಣ್ಣಿ. (ಊರಿಂದ ತುಪ್ಪ, ಪೇಡ ಕಟ್ಟಿಸಿಕೊಂಡು ಹೋಗಬೇಡಿ. ಯುರೋಪಿನ ಒಕ್ಕೂಟದೊಳಗೆ ಹೊರದೇಶದ ಹಾಲಿನ ಪದಾರ್ಥ ತರುವುದು ನಿಷಿದ್ಧ, ವಿಮಾನ ನಿಲ್ದಾಣದಲ್ಲೇ ಕಸಿದುಕೊಳ್ಳಬಹುದು.)

ಟಿಕೆಟ್ ಸಮಯಕ್ಕೆ ಹತ್ತು ನಿಮಿಷ ಮೊದಲು ಬಾಗಿಲಲ್ಲಿರಿ. ಒಂದು ಗಂಟೆ ಮೊದಲು ಹೋದರೆ ಪ್ರಯೋಜನವಿಲ್ಲ, ಒಳಗೆ ಬಿಡುವುದು ಆ ಸಮಯಕ್ಕೇ.

## ಹಂತ 7: ರೈಕ್ಸ್‌ಮ್ಯೂಸಿಯಂ ಒಳಗೆ

ತೆರೆದಿರುವುದು ವರ್ಷದ ಎಲ್ಲ ದಿನ, 9ರಿಂದ 5. ಒಳಗೆ ಕಾಲಿಟ್ಟವರಲ್ಲಿ ಹೆಚ್ಚಿನವರು ನೆಲಮಹಡಿಯ ಮಧ್ಯಯುಗದಿಂದ ಶುರುಮಾಡಿ, ಎರಡನೇ ಮಹಡಿ ತಲುಪುವಾಗ 11:30 ಆಗಿರುತ್ತದೆ. ಗುಂಪು ಹೆಚ್ಚುವುದೂ ಆಗಲೇ. ನೀವು 9ಕ್ಕೆ ನೇರ ಎರಡನೇ ಮಹಡಿಗೆ ಹೋಗಿ. 17ನೇ ಶತಮಾನದ ‘ಗೌರವ ಗ್ಯಾಲರಿ’ ಅಲ್ಲಿದೆ, ಅದರ ತುದಿಯಲ್ಲಿ ರೆಂಬ್ರಾಂಟ್‌ನ 1642ರ ‘ರಾತ್ರಿ ಪಹರೆ’.

ಈ ಚಿತ್ರ 2019ರಿಂದ ಸಂಶೋಧನೆ ಮತ್ತು ದುರಸ್ತಿಗೆ ಒಳಗಾಗಿದೆ, ಗಾಜಿನ ಕೋಣೆಯೊಳಗೆ, ಜನರ ಕಣ್ಣೆದುರೇ. 2024ರ ಕೊನೆಯಲ್ಲಿ ಹಳೆಯ ವಾರ್ನಿಷ್ ತೆಗೆಯುವ ಕೆಲಸ ಶುರುವಾಯಿತು. ಹಾಗಾಗಿ ಉಪಕರಣಗಳು ಅಡ್ಡ ಬಂದು ಚಿತ್ರದ ಒಂದು ಭಾಗ ಮರೆಯಾಗಿರಬಹುದು. ನಿರಾಶೆ ಬೇಡ, ಪರಿಣತರು ಕೆಲಸ ಮಾಡುವುದನ್ನು ನೋಡುವ ಅವಕಾಶ ಎಲ್ಲರಿಗೂ ಸಿಗುವಂಥದ್ದಲ್ಲ. ನೋಡುವಾಗ ಮೊದಲು ದೂರ ನಿಲ್ಲಿ, ಸುಮಾರು ನಾಲ್ಕೂವರೆ ಮೀಟರ್ ಅಗಲದ ಚಿತ್ರ ಅದು. ನಡುವೆ ನಿಂತ ಪಹರೆ ನಾಯಕನಿಗೆ, ನೀವು ನೋಡುವಂತೆ ಎಡಕ್ಕೆ, ಬಂಗಾರದ ಬಣ್ಣದ ಉಡುಪಿನ ಪುಟ್ಟ ಹುಡುಗಿಯನ್ನು ಹುಡುಕಿ. ಸೊಂಟಕ್ಕೆ ಕಟ್ಟಿದ ಸತ್ತ ಕೋಳಿಯ ಕಾಲುಗುರುಗಳು ಕಾಣುತ್ತವೆ. ಅದು ಆ ಪಹರೆ ಸಂಘದ ಲಾಂಛನ. ಎಡಬದಿ ಸ್ವಲ್ಪ ಇಕ್ಕಟ್ಟು ಅನ್ನಿಸಿದರೆ ಕಾರಣವಿದೆ: 1715ರಲ್ಲಿ ಪುರಭವನದ ಗೋಡೆಗೆ ಹಿಡಿಸಲಿಲ್ಲವೆಂದು ಅಂಚುಗಳನ್ನು ಕತ್ತರಿಸಿಬಿಟ್ಟರು.

ಅಲ್ಲಿಂದ ಹಿಂದಿರುಗಿ ಅದೇ ಗ್ಯಾಲರಿಯ ಪಕ್ಕದ ಅಂಕಣಗಳಲ್ಲಿ ವರ್ಮೀರ್‌ನ ‘ಹಾಲುಗಾತಿ’. ಎತ್ತರ ಅಗಲ ಎರಡೂ ಅರ್ಧ ಮೀಟರಿಗಿಂತ ಕಡಿಮೆ. ದೊಡ್ಡ ಚಿತ್ರ ನೋಡಿದ ಕಣ್ಣಿಗೆ ಇದು ಜಾರಿಹೋಗುತ್ತದೆ, ಗುಂಪೂ ಮುಂದಿರುತ್ತದೆ. ಎದುರಿನವರು ಸರಿಯುವವರೆಗೆ ಕಾದು, ಹಾಲಿನ ಎಳೆ ನೋಡಿದ ಮೇಲೆ ಕಣ್ಣನ್ನು ಗೋಡೆಗೆ ಒಯ್ಯಿರಿ. ಬಿಳಿ ಗೋಡೆಯಲ್ಲಿ ಒಂದು ಮೊಳೆ, ಅದರ ನೆರಳು, ಕಿತ್ತ ಮೊಳೆಗಳ ತೂತು. ಕೆಳಗೆ ನೆಲದಂಚಿನಲ್ಲಿ ಡೆಲ್ಫ್ಟ್‌ನ ಚಿಕ್ಕ ನೀಲಿ ಹೆಂಚುಗಳು, ಪಕ್ಕದಲ್ಲಿ ಪಾದ ಬೆಚ್ಚಗಿಡುವ ಮರದ ಪೆಟ್ಟಿಗೆ. ಇಷ್ಟು ನೋಡಲು ಐದು ನಿಮಿಷ ಬೇಕು, ಕೊಡಿ. ಅದೇ ಮಹಡಿಯಲ್ಲಿ ರೆಂಬ್ರಾಂಟ್‌ನ ‘ಯಹೂದಿ ವಧು’ ಮತ್ತು ಪೆಟ್ರೊನೆಲ್ಲಾ ಓರ್ಟ್‌ಮನ್ ಎಂಬಾಕೆಯ ಬೊಂಬೆಮನೆ ಇವೆ. ಮಕ್ಕಳಿಗೆ ಎರಡನೆಯದು ಬಹಳ ಹಿಡಿಸುತ್ತದೆ.

10:30ರ ಹೊತ್ತಿಗೆ ಕೆಳಗಿಳಿಯಿರಿ. ಒಂದನೇ ಮಹಡಿಯಲ್ಲಿ ವ್ಯಾನ್ ಗೋನ ಒಂದು ಸ್ವಚಿತ್ರವಿದೆ. ಕೈಪರ್ಸ್ ಗ್ರಂಥಾಲಯವನ್ನೂ ಮೇಲಿನ ಬಾಲ್ಕನಿಯಿಂದ ನೋಡಿ, ಮಾತು ಬೇಡ, ಕೆಳಗೆ ಓದುವವರಿರುತ್ತಾರೆ. ನಮ್ಮವರು ತಪ್ಪಿಸಿಕೊಳ್ಳುವುದು ಏಷ್ಯಾ ಮಂಟಪವನ್ನು, ಅದು ಬೇರೆಯಾಗಿ ನಿಂತ ಕಟ್ಟಡವಾದ್ದರಿಂದ. ಅಲ್ಲಿ ತಮಿಳುನಾಡಿನ 12ನೇ ಶತಮಾನದ ಚೋಳರ ಕಂಚಿನ ನಟರಾಜನಿದ್ದಾನೆ: ಒಂದೂವರೆ ಮೀಟರ್ ಎತ್ತರ, ಸುಮಾರು 300 ಕಿಲೋ ತೂಕ, ಒಳಗೆ ಟೊಳ್ಳಿಲ್ಲದ ಘನ ಎರಕ. ಪ್ರಭಾವಳಿಯ ಹಿಂದಕ್ಕೆ ಹೋಗಿ ಜಟೆಯ ಕೆಲಸವನ್ನೂ ನೋಡಿ. ಗುಡಿಯಲ್ಲಿ ಆ ಕಡೆಯಿಂದ ನೋಡಲು ಸಿಗುವುದಿಲ್ಲ.

ಹಿರಿಯರಿದ್ದರೆ ಲಿಫ್ಟ್ ಎಲ್ಲ ಮಹಡಿಗೂ ಇದೆ. ಗಾಲಿಕುರ್ಚಿ ಎರವಲು ಸಿಗುತ್ತದೆ, ಮೊದಲೇ ಕೇಳಿಡಿ.

## ಹಂತ 8: ವ್ಯಾನ್ ಗೋ ಮ್ಯೂಸಿಯಂ ಒಳಗೆ

ಇಲ್ಲಿ ಕ್ರಮ ತಪ್ಪಿಸಬೇಡಿ. ಚಿತ್ರಗಳು ಅವನ ಬದುಕಿನ ಕ್ರಮದಲ್ಲಿ ಮೇಲ್ಮೇಲಕ್ಕೆ ಹೋಗುತ್ತವೆ. ಕೆಳಗಿನ ‘ಆಲೂಗಡ್ಡೆ ತಿನ್ನುವವರು’ ಚಿತ್ರದ ಮಣ್ಣಿನ ಕಪ್ಪನ್ನು ಮನಸ್ಸಿನಲ್ಲಿಟ್ಟುಕೊಂಡು ಹತ್ತಿದರೆ, ದಕ್ಷಿಣ ಫ್ರಾನ್ಸಿನ ಆರ್ಲ್ ಊರಿನಲ್ಲಿ ಬರೆದ ಚಿತ್ರಗಳ ಹಳದಿ ಎಷ್ಟು ದೂರ ಬಂದಿದೆ ಎಂಬುದು ತಾನಾಗಿ ಕಾಣುತ್ತದೆ. ಲಿಫ್ಟ್ ಹಿಡಿದು ನೇರ ‘ಸೂರ್ಯಕಾಂತಿ’ಗೆ ಹೋದವರಿಗೆ ಅದೊಂದು ಹೂಕುಂಡವಾಗಿಯೇ ಉಳಿಯುತ್ತದೆ.

ಎರಡು ಗಂಟೆ ಸಾಕು. ಇಲ್ಲಿನ ‘ಸೂರ್ಯಕಾಂತಿ’ 1889ರದ್ದು. ಬಣ್ಣದ ಪದರ ಸೂಕ್ಷ್ಮವಾಗಿರುವುದರಿಂದ ಅದನ್ನು ಇನ್ನು ಬೇರೆ ಊರಿಗೆ ಕಳಿಸುವುದಿಲ್ಲ ಎಂದು 2019ರಲ್ಲಿ ತೀರ್ಮಾನಿಸಿದ್ದಾರೆ. ‘ಬಾದಾಮಿ ಹೂಗಳು’ ತಮ್ಮ ಥಿಯೋಗೆ ಹುಟ್ಟಿದ ಮಗುವಿಗೆಂದು 1890ರ ಫೆಬ್ರುವರಿಯಲ್ಲಿ ಬರೆದದ್ದು. ಮಗುವಿಗೂ ವಿನ್ಸೆಂಟ್ ಎಂದೇ ಹೆಸರಿಟ್ಟಿದ್ದರು. ಮೇಲೆ ‘ಕಾಗೆಗಳಿರುವ ಗೋಧಿ ಹೊಲ’ದ ಮುಂದೆ ‘ಇದೇ ಅವನ ಕೊನೆಯ ಚಿತ್ರ’ ಎಂದು ಹೇಳುವ ಮಾರ್ಗದರ್ಶಿಗಳ ಮಾತು ಸರಿಯಲ್ಲ. ಕೊನೆಯದೆಂದು ಈಗ ಒಪ್ಪಿರುವುದು ‘ಮರದ ಬೇರುಗಳು’. ಅದೂ ಇದೇ ಸಂಗ್ರಹದಲ್ಲಿದೆ.

ಸಮಯ ಆರಿಸುವಾಗ 9 ಗಂಟೆ ಸಿಗದಿದ್ದರೆ ಮಧ್ಯಾಹ್ನ 3ರ ನಂತರದ್ದನ್ನು ಹಿಡಿಯಿರಿ. 11ರಿಂದ 2ರವರೆಗೆ ತಲೆಗಳ ಮೇಲಿಂದ ಚಿತ್ರ ನೋಡಬೇಕಾಗುತ್ತದೆ.

## ಹಂತ 9: ಆನ್ ಫ್ರಾಂಕ್ ಮನೆ

ಮನೆಯ ವಿಳಾಸ ಪ್ರಿನ್ಸೆನ್‌ಗ್ರಾಹ್ಟ್ 263, ಆದರೆ ಒಳಗೆ ಹೋಗುವ ಬಾಗಿಲು ಪಕ್ಕದ ತಿರುವಿನಲ್ಲಿ, ವೆಸ್ಟರ್‌ಮಾರ್ಕ್ಟ್ 20ರಲ್ಲಿ. 263ರ ಬಾಗಿಲ ಮುಂದೆ ಕಾಯುತ್ತ ಸಮಯ ಕಳೆದುಕೊಳ್ಳಬೇಡಿ.

ಒಳಗೆ ಸುಮಾರು ಒಂದು ಗಂಟೆ. ಫೋಟೊ ಸಂಪೂರ್ಣ ನಿಷಿದ್ಧ. ಹಳೆಯ ಮನೆಯ ಮೆಟ್ಟಿಲುಗಳು ಅಟ್ಟದ ಏಣಿಯಷ್ಟು ಕಡಿದು. ಮಂಡಿನೋವು ಇರುವವರು, ಸೀರೆ ಉಟ್ಟವರು ಇದನ್ನು ಗಮನದಲ್ಲಿಡಬೇಕು. ಗಾಲಿಕುರ್ಚಿ ಹೊಸ ಕಟ್ಟಡದ ಭಾಗಕ್ಕೆ ಮಾತ್ರ ಹೋಗುತ್ತದೆ. ಮಕ್ಕಳ ತಳ್ಳುಗಾಡಿಯನ್ನೂ ಒಳಗೆ ಬಿಡುವುದಿಲ್ಲ.

ಕೋಣೆಗಳು ಖಾಲಿ ಇರುತ್ತವೆ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿ. ಇಲ್ಲಿ ಅಡಗಿದ್ದ ಎಂಟು ಜನರನ್ನು 1944ರ ಆಗಸ್ಟ್ 4ರಂದು ಹಿಡಿದೊಯ್ದ ಮೇಲೆ ಪೀಠೋಪಕರಣಗಳನ್ನೂ ಸಾಗಿಸಿದರು. ಬದುಕುಳಿದ ತಂದೆ ಒಟ್ಟೊ ಫ್ರಾಂಕ್ ಅವು ಖಾಲಿಯೇ ಇರಲಿ ಎಂದರು. ದಿನಚರಿಯ ಒಂದೆರಡು ಪುಟವನ್ನಾದರೂ ಓದಿಸಿ ಕರೆದೊಯ್ದರೆ ಗೋಡೆಯ ಮೇಲೆ ಆನ್ ಅಂಟಿಸಿದ ಸಿನಿಮಾ ತಾರೆಯರ ಚಿತ್ರಗಳ ಮುಂದೆ ಅವರು ತಾವೇ ನಿಲ್ಲುತ್ತಾರೆ. ಸಂಜೆಯ ಸಮಯ ಸಿಕ್ಕರೆ ಅದನ್ನೇ ಆರಿಸಿ, ಮತ್ತು ಆ ದಿನ ಇದರ ನಂತರ ಬೇರೇನೂ ಇಟ್ಟುಕೊಳ್ಳಬೇಡಿ.

## ಹಂತ 10: ದೋಣಿ ಮತ್ತು ಚಿಕ್ಕ ಮನೆಗಳು

ಕಾಲುವೆ ದೋಣಿಗೆ ವಾರಗಳ ಮುಂಗಡ ಬೇಡ. ಸೆಂಟ್ರಲ್ ನಿಲ್ದಾಣದ ಎದುರು, ರೈಕ್ಸ್‌ಮ್ಯೂಸಿಯಂ ಬಳಿ, ಆನ್ ಫ್ರಾಂಕ್ ಮನೆಯ ಬಳಿ ಹತ್ತಬಹುದು. ಸುತ್ತು ಒಂದು ಗಂಟೆಯಿಂದ 75 ನಿಮಿಷ. ಗಾಜಿನ ಮಾಡಿನ ದೊಡ್ಡ ದೋಣಿ ಮಳೆಗೆ ಒಳ್ಳೆಯದು, ಫೋಟೊಗೆ ತೆರೆದ ಚಿಕ್ಕ ದೋಣಿ. ಜೂನ್‌ನಲ್ಲಿ ರಾತ್ರಿ 10ರವರೆಗೆ ಬೆಳಕಿರುತ್ತದೆ, ಊಟ ಮುಗಿಸಿ ಹೋಗಿ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಕತ್ತಲೆ. ಸೇತುವೆಗಳ ದೀಪ ನೋಡಲು ಸಂಜೆ ಐದು ತಡವಲ್ಲ. ಸೆಂಟ್ರಲ್‌ನ ಹಿಂದಿನಿಂದ ಐ ಜಲಮಾರ್ಗ ದಾಟಿಸುವ ಫೆರಿ ಉಚಿತ.

ಚಿಕ್ಕ ಮ್ಯೂಸಿಯಂಗಳಲ್ಲಿ ಮೊದಲು ರೆಂಬ್ರಾಂಟ್ ಮನೆ. 1639ರಲ್ಲಿ ಕೊಂಡು, ಸಾಲ ತೀರಿಸಲಾಗದೆ 1656ರಲ್ಲಿ ದಿವಾಳಿಯಾಗಿ ಕಳೆದುಕೊಂಡ ಮನೆ ಇದು. ಅಚ್ಚುಚಿತ್ರ ಮತ್ತು ಬಣ್ಣ ಅರೆಯುವ ಪ್ರಾತ್ಯಕ್ಷಿಕೆ ಇರುವ ಹೊತ್ತು ನೋಡಿ ಹೋಗಿ. ಆಮೇಲೆ ‘ಅಟ್ಟದ ಮೇಲಿನ ನಮ್ಮ ಪ್ರಭು’: ಕಾಲುವೆ ಮನೆಯೊಂದರ ಅಟ್ಟದಲ್ಲಿ 1663ರಲ್ಲಿ ಕಟ್ಟಿದ ಗುಪ್ತ ಕ್ಯಾಥೊಲಿಕ್ ಚರ್ಚು. ಇಲ್ಲೂ ಮೆಟ್ಟಿಲು ಕಡಿದು. ಶ್ರೀಮಂತರ ಕಾಲುವೆ ಮನೆಯ ಒಳಗು ನೋಡಬೇಕೆಂದರೆ ಕೈಜರ್ಸ್‌ಗ್ರಾಹ್ಟ್ 672ರ ವ್ಯಾನ್ ಲೋನ್ ಮನೆ, ಹಿಂದೆ ತೋಟವೂ ಇದೆ.

## ಟಿಕೆಟ್ ಸಿಗದೇ ಹೋದರೆ

ದಲ್ಲಾಳಿ ದರಕ್ಕೆ ಕೊಳ್ಳಬೇಡಿ. ಆನ್ ಫ್ರಾಂಕ್ ಮನೆ ತಪ್ಪಿದರೆ ಪ್ಲಾಂಟಾಜ್ ಬಡಾವಣೆಗೆ ಅರ್ಧ ದಿನ ಕೊಡಿ. 2024ರ ಮಾರ್ಚ್‌ನಲ್ಲಿ ತೆರೆದ ರಾಷ್ಟ್ರೀಯ ಹೋಲೊಕಾಸ್ಟ್ (ಯಹೂದಿಗಳ ನರಮೇಧ) ಮ್ಯೂಸಿಯಂ, ನಡೆಯುವಷ್ಟು ದೂರದಲ್ಲಿ ಡಚ್ ಪ್ರತಿರೋಧ ಮ್ಯೂಸಿಯಂ, ಮೇಣದ ದೀಪಗಳ ಹಳೆಯ ಪೋರ್ಚುಗೀಸ್ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಅಲ್ಲಿವೆ. ಅದೇ ಕಾಲದ ಇಡೀ ಊರಿನ ಕಥೆ ಇಲ್ಲಿ ಸಿಗುತ್ತದೆ, ಮನೆ ನೋಡಿದವರಿಗೂ ಇದು ಬೇಕಾದದ್ದೇ.

ವ್ಯಾನ್ ಗೋ ತಪ್ಪಿದರೆ, ಅವನ ಚಿತ್ರಗಳ ಎರಡನೇ ಅತಿ ದೊಡ್ಡ ಸಂಗ್ರಹ ಓಟರ್ಲೊದ ಕ್ರೋಲರ್-ಮ್ಯುಲರ್ ಮ್ಯೂಸಿಯಂನಲ್ಲಿದೆ, ಒಂದು ರಾಷ್ಟ್ರೀಯ ಉದ್ಯಾನದ ಕಾಡಿನ ನಡುವೆ. ಏಡ-ವಾಹನಿಂಗನ್‌ವರೆಗೆ ರೈಲು, ಅಲ್ಲಿಂದ ಬಸ್. ಹೋಗಿ ಬರಲು ಇಡೀ ದಿನ ಬೇಕು. ಮ್ಯೂಸಿಯಂ ಟಿಕೆಟ್ ಜೊತೆಗೆ ಉದ್ಯಾನದ ಪ್ರವೇಶಕ್ಕೂ ಬೇರೆ ದುಡ್ಡು ಕೊಡಬೇಕು. ಸೋಮವಾರ ಮುಚ್ಚಿರುತ್ತದೆ.